ಬ್ರಹ್ಮಾಂಡದ ಹಕ್ಕು

ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಜೀವಮಾನವಿಡೀ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಅಮ್ಮನ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಹಾಜರಿ ಹಾಕುವ ಯಂತ್ರಕ್ಕೆ ಬೆರಳಿಟ್ಟರೆ ಅದು ಗುರುತೇ ಹಿಡಿಯುತ್ತಿರಲಿಲ್ಲ. ಅದರ ಪ್ರಕಾರ ಅವಳು ಕೆಲಸಕ್ಕೇ ಬಂದಿಲ್ಲ. ಆ ಹೆಂಗಸಿನ ಬದುಕಿನಲ್ಲಿ ಗೆಲುವು ಅಂತ ಇದ್ದದ್ದು ಒಂದೇ. ಹಿಂದೊಮ್ಮೆ ಇಸ್ತ್ರಿ ಯಂತ್ರದ ಉರುಳೆಗೆ ಸಿಕ್ಕಿ ಜೊತೆ ಕೆಲಸದ ಗೆಳತಿಯ ಎರಡು ಬೆರಳು ಹೋದಾಗ, ಮೊದಲು ತನ್ನ ಯಂತ್ರ ನಿಲ್ಲಿಸಿದವಳು ಅಮ್ಮ. ಮಿಕ್ಕವರೂ ನಿಲ್ಲಿಸಿದರು. ಕೈ ಸಿಗದಂತೆ ತಡೆಗಂಬಿ ಹಾಕಿಸುವ ತನಕ ಒಬ್ಬರೂ ಗುಂಡಿ ಒತ್ತಲಿಲ್ಲ.

ಮಗಳು ಟೀವಿಗೆ ಕಥೆ ಬರೆಯುವವಳು. ಇದನ್ನೇ ಧಾರಾವಾಹಿಯಾಗಿ ಬರೆದಳು. ಅದೂ ಎಂಥದ್ದು, ಮೂರು ದೇಶದ ಕಂಪನಿಗಳು ಸೇರಿ ತೆಗೆಯುವಂಥದ್ದು! ಅಮ್ಮ ಲಾಂಡ್ರಿಯಲ್ಲೆಲ್ಲ ಡಂಗುರ ಸಾರಿದಳು.

ಆಮೇಲೆ ಕಥೆಯನ್ನು ‘ಡೆವಲಪ್’ ಮಾಡಲು ಕೂತರು. ಬರೆದವಳನ್ನು ಎದುರಿಗೆ ಕೂರಿಸಿಕೊಂಡು ಓದದವರು ಬುದ್ಧಿ ಹೇಳುವುದಕ್ಕೆ ಹಾಗೆನ್ನುತ್ತಾರೆ. ಚಳಿ ದೇಶದವರು ಪರದೆಯ ಮೇಲೆ ಬಂದು, ಲಾಂಡ್ರಿಯ ಹಬೆ ಚೆನ್ನಾಗಿದೆ, ಕೊಲೆ ಎಲ್ಲಿ ಎಂದರು. ಕೊಲೆ ಬಂತು. ಕಡಲಾಚೆಯವರಿಗೆ ನಾಯಿ ಬೇಕಾಯಿತು. ಅವರ ಜನ ನಾಯಿಯಿಲ್ಲದೆ ಅಳುವುದಿಲ್ಲವಂತೆ. ನಾಯಿಯೂ ಬಂತು. ಅಮ್ಮನ ಪಾತ್ರಕ್ಕೆ ಪ್ರಾಯ ಬಂತು, ಕೈಮೇಲಿನ ಸುಟ್ಟ ಕಲೆ ಹೋಯಿತು. ಮಗಳು ಹಲ್ಲು ಕಚ್ಚಿಕೊಂಡು ಎಲ್ಲಕ್ಕೂ ತಲೆಯಾಡಿಸಿದಳು. ಯಂತ್ರ ನಿಲ್ಲಿಸುವ ದೃಶ್ಯವೊಂದು ಉಳಿದರೆ ಅವಳಿಗೆ ಸಾಕಿತ್ತು.

ಒಂದು ದಿನ ನಿರ್ಮಾಪಕರು ಕರೆದರು. ಕೆಲಸದವರನ್ನೆಲ್ಲ ‘ನಮ್ಮ ಕುಟುಂಬ’ ಎನ್ನುವ ದೊಡ್ಡ ಮನಸ್ಸಿನವರು.

“ನೋಡಮ್ಮಾ, ಆ ಮೆಷಿನ್ ನಿಲ್ಸೋ ಸೀನು ಮೂರು ದೇಶದವ್ರಿಗೂ ತುಂಬಾ ಹಿಡಿಸ್ತು.”

“ಹೌದಾ ಸಾರ್?”

“ಹೂಂ. ಅದಕ್ಕೇ ಅದನ್ನ ಓನರ್ ಕೈಲಿ ಮಾಡಿಸ್ತಿದೀವಿ. ಕರುಳು ಚುರುಕ್ ಅಂದು ಅವನೇ ಆಫ್ ಮಾಡ್ತಾನೆ. ನಾಯಿ ಅವನ ಕೈ ನೆಕ್ಕುತ್ತೆ.”

“ಆಫ್ ಮಾಡಿದ್ದು ನಮ್ಮಮ್ಮ ಸಾರ್!”

“ಇರಬಹುದಮ್ಮಾ. ಆದ್ರೆ ಕಥೆ ಈಗ ನಮ್ದಲ್ವಾ? ನೀನೇ ಸೈನ್ ಹಾಕಿದೀಯ. ಇಡೀ ಬ್ರಹ್ಮಾಂಡದಲ್ಲಿ, ಎಂದೆಂದಿಗೂ, ಹಕ್ಕು ಕಂಪನೀದು. ಇನ್ಮೇಲೆ ನೀನು ಎಲ್ಲೂ ಹೇಳೋ ಹಾಗಿಲ್ಲ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಲಾಂಡ್ರಿಗೆ ಹೋಗಿ ಅಮ್ಮನ ಮುಂದೆ ನಿಂತು ಅತ್ತಳು. ಅಮ್ಮ ಇಸ್ತ್ರಿ ಹಾಕುತ್ತಲೇ ಎಲ್ಲ ಕೇಳಿಸಿಕೊಂಡಳು.

“ಬ್ರಹ್ಮಾಂಡ ಅಂದ್ರೆ, ನಮ್ ಲಾಂಡ್ರೀನೂ ಸೇರುತ್ತೇನೇ?”

“ಸೇರುತ್ತಮ್ಮಾ. ಚಂದ್ರನೂ ಸೇರ್ತಾನೆ.”

“ಪಾಪ, ಅವನೇನು ಸೈನ್ ಹಾಕಿದ್ದ! ಇರ್ಲಿ, ನೀನು ಮೊದಲು ಬರೆದಿದ್ದೆಯಲ್ಲ, ಅದನ್ನ ಓದು. ಇವ್ರೆಲ್ಲಾ ಕೇಳ್ಲಿ.”

“ಕೇಸ್ ಹಾಕ್ತಾರಮ್ಮಾ.”

“ಹಾಕ್ಲಿ ಬಿಡು. ಕೋರ್ಟಲ್ಲಿ ಇನ್ನೊಂದ್ಸಲ ಹೇಳಿದ ಹಾಗಾಗುತ್ತೆ.”

ಮಗಳು ಕಣ್ಣೊರೆಸಿಕೊಂಡು, ಫೋನಿನಲ್ಲಿದ್ದ ಮೊದಲ ಪ್ರತಿ ತೆಗೆದು ಗಂಟಲೆತ್ತಿ ಓದತೊಡಗಿದಳು. ಆಚೆ ತುದಿಯಲ್ಲಿ ಉಳಿದ ಬೆರಳುಗಳಲ್ಲೇ ಟವೆಲು ಮಡಿಸುತ್ತಿದ್ದ ಗೆಳತಿ ಕೂಗಿದಳು, “ಈ ಸದ್ದಲ್ಲಿ ಏನೂ ಕೇಳಿಸ್ತಿಲ್ಲ ಕಣೇ!”

ಅಮ್ಮ ತನ್ನ ಯಂತ್ರ ನಿಲ್ಲಿಸಿದಳು. ಪಕ್ಕದವಳೂ ನಿಲ್ಲಿಸಿದಳು. ಒಂದೊಂದಾಗಿ ಎಲ್ಲವೂ ನಿಂತವು. ಮಗಳ ದನಿ ಗೋಡೆಯಿಂದ ಗೋಡೆಗೆ ಮುಟ್ಟಿತು.

ಮೇಲ್ವಿಚಾರಕ ಎದ್ದೆನೋ ಬಿದ್ದೆನೋ ಎಂದು ಓಡಿಬಂದ.

“ಯಾರ್ರೀ ಅದು ಮೆಷಿನ್ ಆಫ್ ಮಾಡಿದ್ದು?”

“ಓನರ್ ಅಂತೂ ಅಲ್ಲ ಸಾರ್,” ಎಂದಳು ಅಮ್ಮ.