ಸೋದರಮಾವನ ಚಾಕು

"ಇದೂ ಬೇಡ. ಎದೆ ಮೇಲೆ ಗಡ್ಡೆ ಎದ್ದಂಗೆ ಕಾಣ್ತದೆ," ಎಂದು ಮರಿಯಣ್ಣ ಕೊಂಬಿನ ಹಿಡಿಯ ಚಾಕುವನ್ನು ತನ್ನ ಅಂಗಿಯ ಜೇಬಿನಿಂದ ತೆಗೆದು ಗಾಜಿನ ಕಪಾಟಿನ ಮೇಲಿಟ್ಟ.

ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಬೀಗ, ಕತ್ತರಿ, ಈಳಿಗೆಮಣೆ ಮಾರುವ ಶೀನಣ್ಣ ಬೇಸರ ಮಾಡಿಕೊಳ್ಳುವ ಪೈಕಿಯಲ್ಲ. ಇನ್ನೊಂದು ಡಬ್ಬಿ ಬಿಚ್ಚಿದ. "ಯಜಮಾನ್ರೇ, ನೀವು ಚಾಕು ತಗೊಳ್ತಿದೀರೋ, ಮೂಗುಬಟ್ಟು ತಗೊಳ್ತಿದೀರೋ?"

"ಮೂಗುಬಟ್ಟಾದ್ರೆ ಹೆಂಗಸರು ನೋಡ್ಕೋತಾರೆ. ಇದು ನನ್ನ ಕೆಲಸ."

ಹಾಗೆ ಹೇಳುವಾಗ ಮರಿಯಣ್ಣನ ಎದೆ ಒಂದಿಷ್ಟು ಉಬ್ಬಿತ್ತು. ಅದಕ್ಕೆ ಕಾರಣವೂ ಇತ್ತು. ಅವರ ಕಡೆ, ಅರಿಶಿನ ಹಚ್ಚಿಸಿಕೊಂಡ ಮದುವೆ ಗಂಡು ಮೈಮೇಲೆ ಕಬ್ಬಿಣವಿಲ್ಲದೆ ಹೊಸಿಲು ದಾಟುವ ಹಾಗಿಲ್ಲ. ದೃಷ್ಟಿ ತಾಕಬಾರದೆಂದು ತಾಳಿ ಕಟ್ಟುವವರೆಗೂ ಚಾಕು ಅವನ ಜೊತೆಯಲ್ಲೇ ಇರಬೇಕು, ಅದನ್ನು ಕೊಡುವವನು ಸೋದರಮಾವ. ಹಿಂದೆಲ್ಲ ಗಂಡು ತುದಿಗೆ ನಿಂಬೆಹಣ್ಣು ಚುಚ್ಚಿದ ಬಾಕು ಹಿಡಿದು ಠೀವಿಯಿಂದ ನಿಲ್ಲುತ್ತಿದ್ದ. ಈಗ ಮುಹೂರ್ತದ ಹಿಂದಿನ ಸಂಜೆಯ ಆರತಕ್ಷತೆಗೆ ಮೈಗಂಟಿದ ಸೂಟು ಬಂದಿದೆ. ಕೈಯಲ್ಲಿ ಬಾಕು ಹಿಡಿದು ನಿಂತರೆ ಹೂಗುಚ್ಛ ತಂದವರು ಅದನ್ನು ಹೆಣ್ಣಿನ ಕೈಗೆ ಕೊಟ್ಟು ಊಟದ ಮನೆಗೆ ಓಡಿಯಾರು. ಅದಕ್ಕೇ ಈ ಸಣ್ಣ ಚಾಕುವಿನ ಹುಡುಕಾಟ.

ಗಂಡು ಸ್ವರೂಪ್ ಅಂಗಡಿಯ ಬಾಗಿಲಲ್ಲಿ ನಿಂತು ಮೊಬೈಲು ನೋಡುತ್ತಿದ್ದ. ಮರಿಯಣ್ಣನ ತಂಗಿ ವಿಶಾಲಮ್ಮನ ಒಬ್ಬನೇ ಮಗ.

"ನಿಂಗೆ ಎಂಥದು ಬೇಕು ಹೇಳಪ್ಪ."

"ತೆಳ್ಳಗಿರ್ಬೇಕು ಮಾವ, ಅಷ್ಟೇ. ಫೋಟೋದಲ್ಲಿ ಕಾಣ್ಬಾರ್ದು, ಭಾರಾನೂ ಇರ್ಬಾರ್ದು. ಇದ್ದೂ ಇಲ್ದಂಗಿರ್ಬೇಕು."

ಚಾಮರಾಜಪೇಟೆಯಲ್ಲಿ ಆಯುಷ್ಯವೆಲ್ಲ ಹಿಟ್ಟಿನ ಗಿರಣಿ ನಡೆಸಿದ ಮರಿಯಣ್ಣನಿಗೆ ಜೋಳ ಎಷ್ಟು ನುಣ್ಣಗಾಯಿತೆಂದು ಬೆರಳಲ್ಲಿ ಉಜ್ಜಿ ಹೇಳುವುದು ಗೊತ್ತಿತ್ತು. ಚಾಕುವನ್ನೂ ಅವನು ಹಾಗೇ ನೋಡಿದ. ಒಂದು ಮಡಚಿದರೂ ಅಲಗು ಒಂಚೂರು ಆಚೆ ಇಣುಕುತ್ತಿತ್ತು. ಇನ್ನೊಂದಕ್ಕೆ ಕತ್ತರಿ, ತಿರುಪುಳಿ, ಶೀಸೆ ತೆರೆಯುವ ಕೊಕ್ಕೆ ಎಲ್ಲ ಸೇರಿ ಸಂಸಾರವೇ ಇತ್ತು. ಮತ್ತೊಂದು ತೆಳ್ಳಗಿತ್ತು, ಆದರೆ ಅದರ ಕೀಲು ಸಡಿಲ. ಹುಡುಗ ಹಿರಿಯರ ಕಾಲಿಗೆ ಬಗ್ಗಿದಾಗ ತೆರೆದುಕೊಂಡರೆ ಏನು ಗತಿ? ಮರಿಯಣ್ಣ ಒಂದೊಂದನ್ನೂ ಜೇಬಿಗಿಳಿಸಿ, ಬಗ್ಗಿ ಎದ್ದು, ಎದೆ ಸವರಿ ನೋಡಿದ. ಕೊನೆಗೆ ಶೀನಣ್ಣ ಡಬ್ಬಿಯ ತಳದಿಂದ ಉಕ್ಕಿನದೊಂದು ತೆಗೆದ. ಬಾಚಣಿಗೆಯಷ್ಟು ತೆಳ್ಳಗೆ, ಹಗುರ. ಅಲಗು ಬಿಗಿಯಾಗಿ ಒಳಗೆ ಕೂರುತ್ತಿತ್ತು. ಜೇಬಿಗಿಟ್ಟರೆ ಇದೆಯೆಂದೇ ಗೊತ್ತಾಗಲಿಲ್ಲ.

"ಇದು," ಎಂದ ಮರಿಯಣ್ಣ. ಪಾರ್ವತಮ್ಮ ಇದ್ದಿದ್ದರೆ, ಒಂದು ಚಾಕುವಿಗೆ ಇಡೀ ಮಧ್ಯಾಹ್ನ ತಗೊಂಡ್ರಲ್ಲ ಎಂದು ನಗುತ್ತಿದ್ದಳು. ಹೆಂಡತಿ ತೀರಿಕೊಂಡು ಹಿಂದಿನ ವಾರವಷ್ಟೇ ವರ್ಷದ ತಿಥಿ ಕಳೆದಿತ್ತು. ಒಂಟಿಯಾದವನು ಶಾಸ್ತ್ರಕ್ಕೆ ನಿಲ್ಲಬಹುದೇ ಎಂಬ ಅಳುಕು ಅವನಿಗೇ ಇತ್ತು. ತಿಥಿಯ ದಿನ ತಂಗಿಯನ್ನು ಕೇಳಿಯೂ ಕೇಳಿದ್ದ. ವಿಶಾಲಮ್ಮ ಬಡಿಸುತ್ತಿದ್ದ ಸೌಟು ಹಿಡಿದೇ ಅವನ ಮುಂದೆ ಕೂತು, "ನೀನಿರೋವಾಗ ಇನ್ಯಾರಣ್ಣ ನಿಂತ್ಕೋತಾರೆ?" ಎಂದಿದ್ದಳು. ಆ ಮಾತು ಕೇಳಿದ ಮೇಲೆಯೇ ಅವನು ಹೊಸ ಅಂಗಿ ಹೊಲಿಸಲು ಹಾಕಿದ್ದು.

ಅಂಗಡಿಯಿಂದ ಇಳಿಯುತ್ತ ಮರಿಯಣ್ಣ ಜೇಬಿನಿಂದ ಒಂದು ರೂಪಾಯಿಯ ನಾಣ್ಯ ತೆಗೆದು ತೋರಿಸಿದ. "ನೋಡು, ಚಾಕು ಕೈಯಿಂದ ಕೈಗೆ ಕೊಡೋ ಹಂಗಿಲ್ಲ. ನಾನು ತಟ್ಟೇಲಿ ಎಲೆ ಮೇಲಿಡ್ತೀನಿ. ನೀನು ಒಂದು ರೂಪಾಯಿ ಇಟ್ಟು ತಗೋಬೇಕು. ಕೊಂಡ್ಕೊಂಡಂಗೆ. ಬಿಟ್ಟಿ ಇಸ್ಕೊಂಡ್ರೆ ಕೊಟ್ಟೋರಿಗೂ ತಗೊಂಡೋರಿಗೂ ಸಂಬಂಧ ಕಡಿದೋಗ್ತದೆ ಅಂತಾರೆ. ನಿಮ್ಮ ಹುಡುಗರ ಹತ್ರ ಚಿಲ್ರೆ ಎಲ್ಲಿರ್ತದೆ, ಎಲ್ಲ ಫೋನಲ್ಲೇ. ಅದಕ್ಕೇ ನಾನೇ ಇಟ್ಕೊಂಡಿದೀನಿ, ಆವಾಗ ನಿನ್ ಕೈಗೆ ಕೊಡ್ತೀನಿ."

"ಆಯ್ತು ಮಾವ," ಎಂದ ಸ್ವರೂಪ್, ನಾಣ್ಯದ ಕಡೆ ಸರಿಯಾಗಿ ನೋಡದೆ.

"ಬಾ, ಟೈಲರ್ ಹತ್ರ ಹೋಗಿ ಕೋಟಿಗೆ ಹಾಕಿ ನೋಡೇಬಿಡಾಣ."

"ಬೇಡ ಮಾವ, ಸುಮ್ನೆ ಯಾಕೆ? ಬಿಸಿಲು. ನೀವು ಮನೆಗೆ ಹೋಗಿ, ನಾನು ನೋಡ್ಕೋತೀನಿ."

"ಪಕ್ಕದ ಕ್ರಾಸಿಗೆ ಎಂಥ ಬಿಸಿಲಪ್ಪ."

ಸ್ವರೂಪ್ ಮತ್ತೆ ಎರಡು ಸಲ ಬೇಡವೆಂದ. ಸೋದರಳಿಯನಿಗೆ ತನ್ನ ವಯಸ್ಸಿನ ಮೇಲೆ ಎಷ್ಟು ಕಾಳಜಿ ಎಂದು ಮರಿಯಣ್ಣನ ಮನಸ್ಸು ತುಂಬಿಬಂತು. ಪಾಪ, ಮರಿಯಣ್ಣನೇ ಮುಂದೆ ನಡೆದ.

ಟೈಲರ್ ವೇಣುಗೋಪಾಲ್ ಕೋಟನ್ನು ಹ್ಯಾಂಗರಿನಿಂದ ಇಳಿಸಿ ಸ್ವರೂಪನಿಗೆ ತೊಡಿಸಿದ. ಕಡುನೀಲಿ ಬಣ್ಣ, ಹುಡುಗನಿಗೆ ಒಪ್ಪುತ್ತಿತ್ತು. ಮರಿಯಣ್ಣ ಚಾಕು ಹೊರತೆಗೆದು, "ಇದು ಒಳಜೇಬಲ್ಲಿ ಕೂರ್ತದಾ ನೋಡಿ," ಎಂದ.

"ಚಾಕುಗೆ ಅಂತಾನೇ ಬೇರೆ ಜೇಬು ಹೊಲಿದಿದೀನಲ್ಲ ಸಾರ್." ವೇಣುಗೋಪಾಲ್ ಕೋಟಿನ ಎಡ ಮಗ್ಗುಲು ಬಿಡಿಸಿ ತೋರಿಸಿದ. ಅಸ್ತರಿಗೆ ಹೊಂದುವ ಬಟ್ಟೆಯಲ್ಲಿ ಕಿರಿದಾದೊಂದು ಜೇಬು, ನೀಟಾದ ಹೊಲಿಗೆ. "ಮೊನ್ನೆ ಇವರ ಸೋದರಮಾವ ಬಂದಿದ್ರು. ಚಾಕು ಇಟ್ಟು ಅಳತೆ ಕೊಟ್ಟೋದ್ರು."

ಮರಿಯಣ್ಣ ನಕ್ಕ. "ಸೋದರಮಾವ ನಾನು ಕಣ್ರೀ. ನಾನ್ಯಾವತ್ತು ಬಂದಿದ್ದೆ?"

ವೇಣುಗೋಪಾಲ್ ಸ್ವರೂಪನ ಮುಖ ನೋಡಿದ. ಸ್ವರೂಪ್ ಕನ್ನಡಿ ನೋಡಿದ.

"ಕನ್ನಡಕ ಹಾಕಿದ್ರು, ಅವರ ಮನೆಯೋರೂ ಜೊತೇಲಿದ್ರು," ಎಂದು ಟೈಲರು ತನಗೇ ಹೇಳಿಕೊಂಡವನಂತೆ ಮೆಲ್ಲಗೆ ಅಂದು, ಟೇಪು ಕೊರಳಿಗೆ ಹಾಕಿಕೊಂಡು ಮಷೀನಿನ ಕಡೆ ಸರಿದ.

ಅಷ್ಟರಲ್ಲಿ ಮರಿಯಣ್ಣನ ಕೈ, ಮನಸ್ಸಿಗಿಂತ ಮೊದಲೇ, ಚಾಕುವನ್ನು ಆ ಜೇಬಿಗೆ ಹಿಡಿದಿತ್ತು. ತುದಿ ಹೋಯಿತು. ಅರ್ಧ ಹೋಗಿ ನಿಂತಿತು. ಇನ್ನೊಂದು ಚಾಕುವಿನ ಅಳತೆಯ ಜೇಬು ಅದು.

"ಅನಿಲನಾ?" ಎಂದು ಕೇಳಿದ.

ಅನಿಲ್ ಕುಮಾರ್ ಮರಿಯಣ್ಣನ ಚಿಕ್ಕಪ್ಪನ ಮಗ, ವಿಶಾಲಮ್ಮನಿಗೂ ಅಣ್ಣತಮ್ಮನ ವರಸೆ. ಶೇಷಾದ್ರಿಪುರಂನಲ್ಲಿ ಮನೆ, ಪಕ್ಕದಲ್ಲಿ ಹೆಂಡತಿ.

"ಜೋಡಿ ಇರೋರೇ ಕೊಡ್ಬೇಕು ಅಂತ ಯಾರೋ ಅಮ್ಮಂಗೆ ಹೇಳಿದ್ರಂತೆ ಮಾವ. ಹೆಣ್ಣಿನ ಕಡೆಯೋರೂ ಕೇಳಿದ್ರು. ಅಮ್ಮ ನಿಮಗೆ ಹೇಳ್ತೀನಿ ಅಂದಿದ್ರು." ಸ್ವರೂಪ್ ಕನ್ನಡಿಯೊಳಗಿಂದಲೇ ಮಾತಾಡಿದ. "ನೀವು ಅಲ್ಲೇ ಪಕ್ಕದಲ್ಲಿ ಇರ್ತೀರಲ್ಲ. ಕೊಡೋದು ಮಾತ್ರ ಅವರು."

"ಮತ್ತೆ ಇವತ್ತು ನನ್ನ ಯಾಕಪ್ಪ ಕರ್ಕೊಂಡು ಬಂದೆ?"

"ನೀವು ಚಾಕು, ಚಾಕು ಅಂತಾನೇ ಇದ್ರಿ. ಅಣ್ಣಂಗೊಂದು ಕೆಲಸ ಇದ್ದಂಗಾಗ್ತದೆ, ಕರ್ಕೊಂಡು ಹೋಗು ಅಂದ್ರು ಅಮ್ಮ."

ಮರಿಯಣ್ಣ ಚಾಕುವನ್ನು ಆ ಜೇಬಿನಿಂದ ಈಚೆಗೆಳೆದುಕೊಂಡ. ಶಾಸ್ತ್ರಕ್ಕೆ ಬೇಡವೆಂದಿದ್ದರೆ ಅವನು ನೊಂದುಕೊಂಡಾದರೂ ಒಪ್ಪಿಕೊಳ್ಳುತ್ತಿದ್ದ. ಶಾಸ್ತ್ರ ಬಿಟ್ಟವನಲ್ಲ ಅವನು. ಆದರೆ ಅತ್ತು ಹಟ ಮಾಡುವ ಮಗುವಿಗೆ ಖಾಲಿ ಗಿಲಕಿ ಕೊಟ್ಟಂತೆ ಚಾಕು ಆರಿಸಲು ಬಿಟ್ಟಿದ್ದರು. ಒಂದೊಂದನ್ನೂ ಜೇಬಿಗಿಟ್ಟು ಅವನು ಬಗ್ಗಿ ಎದ್ದು ಮಾಡುವಾಗ ಈ ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತನ್ನ ತಂಗಿ, ತಾನು ಎತ್ತಿ ಆಡಿಸಿದ ಹುಡುಗ, ಇಬ್ಬರೂ ಸೇರಿ ಮೋಸ ಮಾಡಿದರು. ಬೇರೆ ಹೆಸರು ಅದಕ್ಕೆ ಅವನಿಗೆ ಹೊಳೆಯಲಿಲ್ಲ.

ವೇಣುಗೋಪಾಲನಿಗೆ ಸುಮ್ಮನಿರಲಾಗಲಿಲ್ಲ. "ಸಾರ್, ಒಂದು ಹೊಲಿಗೆ ಬಿಚ್ಚಿದ್ರೆ ಇದೂ ಹಿಡಿಯತ್ತೆ. ಎರಡೇ ನಿಮಿಷ. ಬಿಚ್ಲಾ?"

ಮರಿಯಣ್ಣ ಸ್ವರೂಪನ ಮುಖ ನೋಡಿದ. ಹೂಂ ಎಂದಿದ್ದರೆ ಸಾಕಿತ್ತು. ಶಾಸ್ತ್ರದ ಚಾಕು ಅನಿಲನೇ ಕೊಡಲಿ, ಆರತಕ್ಷತೆಯ ಸಂಜೆ ಹುಡುಗನ ಎದೆಯ ಹತ್ತಿರ ತನ್ನದೂ ಒಂದಿದ್ದರೆ ಎಲ್ಲವನ್ನೂ ನುಂಗಿಕೊಂಡುಬಿಡುತ್ತಿದ್ದ.

ಸ್ವರೂಪ್ ಕೋಟಿನ ಮುಂಭಾಗವನ್ನು ಅಂಗೈಯಿಂದ ನೀವಿಕೊಂಡ. "ಬೇಡ ಬಿಡಿ. ಎರಡೆರಡು ಇಟ್ರೆ ಉಬ್ಬತ್ತೆ." ಆಮೇಲೆ ಮಾವನ ಮುಖ ಕಂಡು ಅವಸರವಾಗಿ ಸೇರಿಸಿದ, "ಆದ್ರೆ ಚೆನ್ನಾಗಿದೆ ಮಾವ ಇದು. ಕೊಡಿ, ನಾನೇ ಇಟ್ಕೋತೀನಿ. ಆಮೇಲೆ ಎಲ್ಲಾದ್ರೂ ಹೋದಾಗ ಹಣ್ಣು ಹೆಚ್ಚೋಕಾಗತ್ತೆ." ಎಂದು ಕೈ ಚಾಚಿದ.

ಮರಿಯಣ್ಣನ ಇನ್ನೊಂದು ಕೈ ಜೇಬಿನಲ್ಲಿತ್ತು, ಬೆರಳಿಗೆ ನಾಣ್ಯ ಸಿಕ್ಕಿತ್ತು. ಅದನ್ನು ಅಲ್ಲೇ ಬಿಟ್ಟ. ಮಡಚಿದ್ದ ಚಾಕುವನ್ನು ನೇರವಾಗಿ ಅಳಿಯನ ಅಂಗೈ ಮೇಲಿಟ್ಟ.

"ಥ್ಯಾಂಕ್ಸ್ ಮಾವ," ಎಂದ ಸ್ವರೂಪ್. ಅವನಿಗೆ ಏನೂ ನೆನಪಾಗಲಿಲ್ಲ.

ಸಂಪಿಗೆ ರಸ್ತೆಯ ಬಸ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಫೋನು ಬಂತು. ಬಸ್ಸೂ ಬಂತು. ಹತ್ತಿ, ಕಿಟಕಿಯ ಪಕ್ಕ ಕೂತು ಫೋನು ಎತ್ತಿದ. ವಿಶಾಲಮ್ಮ.

"ಸಿಕ್ತೇನಣ್ಣ ಚಾಕು? ಹೆಂಗೈತೆ?"

"ಚೆನ್ನಾಗೈತೆ ಕಣಮ್ಮ."

"ನೀನು ಆರಿಸಿದ ಮೇಲೆ ಕೇಳ್ಬೇಕಾ. ಎಲ್ಲೈತೆ, ನಿನ್ ಹತ್ರಾನಾ?"

"ಅವನ ಕೈಗೆ ಕೊಟ್ಟೆ."

ಆ ಕಡೆ ಪಾತ್ರೆ ಸದ್ದು ನಿಂತಿತು. "ಕೈಗಾ? ಹಂಗೆ ಬರಿಗೈಲಿ ಕೊಡ್ತಾರೇನಣ್ಣ, ನೀನೇ ಎಲ್ಲರಿಗೂ ಹೇಳೋನು. ರೂಪಾಯಿ ಇಸ್ಕೊಂಡೆ ತಾನೆ?"

ಮರಿಯಣ್ಣ ಜೇಬಿಗೆ ಕೈಹಾಕಿದ. ನಾಣ್ಯ ಬೆಚ್ಚಗಿತ್ತು.

"ರೂಪಾಯಿ ನನ್ ಹತ್ರಾನೇ ಐತೆ ಕಣಮ್ಮ," ಎಂದ.

"ಸದ್ಯ," ಎಂದಳು ವಿಶಾಲಮ್ಮ, ಉಸಿರು ಬಿಟ್ಟು. "ಹೆದರಿಸಿಬಿಟ್ಟೆ ನೋಡು. ಸರಿ, ಬಿಸಿಲಲ್ಲಿ ಸುತ್ತಬೇಡ, ಹೋಗಿ ಮಲಕ್ಕೊ."

ಫೋನು ಇಡುವಷ್ಟರಲ್ಲಿ ಕಂಡಕ್ಟರು ಬಂದು ನಿಂತಿದ್ದ. ಮರಿಯಣ್ಣ ನೋಟು ಕೊಟ್ಟ.

"ಒಂದ್ರೂಪಾಯಿ ಚಿಲ್ರೆ ಇದ್ರೆ ಕೊಡಿ ಯಜಮಾನ್ರೇ."

ಮರಿಯಣ್ಣ ಕೊಟ್ಟ. ಕಂಡಕ್ಟರು ಅದನ್ನು ನೋಡದೆಯೇ ಚೀಲದೊಳಗೆ ಹಾಕಿಕೊಂಡು ಮುಂದಿನ ಸೀಟಿಗೆ ಹೋದ.