ನೊರೆ ಬರಬೇಕು

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತೇನೆ ಎಂದು ಅವಳು ಹಟ ಹಿಡಿದಾಗ ಮೂಗು ಮುರಿಯದವರೇ ಇರಲಿಲ್ಲ. "ಬ್ರೆಡ್ ಸುಡೋಳು ವಿಜ್ಞಾನ ಹೇಳ್ಕೊಡ್ತಾಳಂತೆ" ಎಂದು ನಾದಿನಿ ಎದುರಿಗೇ ನಕ್ಕಿದ್ದಳು. ಲಾರಿ ಓಡಿಸುವ ಗಂಡ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಗಾಡಿ ಹತ್ತಿಕೊಂಡು ಹೋದ. ಅವಳ ಬೆನ್ನಿಗೆ ನಿಂತವರು ಅವಳ ಅಪ್ಪ ಒಬ್ಬರೇ.

ಜೀವಮಾನವೆಲ್ಲ ಬೇಕರಿಯ ಒಲೆಯ ಮುಂದೆ ಬೆವರು ಸುರಿಸಿದ ಮನುಷ್ಯ ಅವರು. "ಅಡುಗೆಮನೆಗಿಂತ ಒಳ್ಳೇ ಪ್ರಯೋಗಶಾಲೆ ಎಲ್ಲಿದೆ? ಪಾಸಾದ್ರೂ ತಿನ್ನಬಹುದು, ಫೇಲಾದ್ರೂ ತಿನ್ನಬಹುದು" ಎಂದು ನಾಲ್ಕು ಜನರ ಮುಂದೆ ಹೇಳಿ ಎಲ್ಲರ ಬಾಯಿ ಮುಚ್ಚಿಸಿದ್ದರು. ಬಾಯಿ ತೆರೆದರೆ "ಯಾಕಮ್ಮಾ?" ಎಂದು ತಾಯಿಯ ತಲೆ ತಿನ್ನುತ್ತಿದ್ದ ಚಿಕ್ಕ ಮೊಮ್ಮಗಳಿಗೆ ಯಾಕಮ್ಮ ಎಂದೇ ಹೆಸರಿಟ್ಟವರೂ ಅವರೇ.

ಅಂಥವರು ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಅಡುಗೆಮನೆಯ ಪಕ್ಕದ ಕೋಣೆಯೇ ಅವರದು. ಮಾತು ನಿಂತುಹೋಗಿತ್ತು, ನುಂಗುವುದೂ ಕಷ್ಟ. ದಿನಾ ಬರುವ ನರ್ಸಮ್ಮ ಕಟ್ಟುನಿಟ್ಟಾಗಿ ಹೇಳಿದ್ದಳು: ಎತ್ತಿ ಕೂರಿಸಿ ಗಟ್ಟಿ ಗಂಜಿ ಮಾತ್ರ ತಿನ್ನಿಸಬೇಕು, ಮಲಗಿದ್ದಾಗ ಬಾಯಿಗೆ ನೀರು ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಅಪಾಯ. ಈ ಮಾತನ್ನು ಅವಳು ತನ್ನ ಮಕ್ಕಳಿಗೆ ದಾಟಿಸಿರಲಿಲ್ಲ. ಸುಮ್ಮನೆ ಯಾಕೆ ಹೆದರಿಸಬೇಕು ಎಂದುಕೊಂಡಿದ್ದಳು. "ತಾತ ಮಲಗಿದ್ದಾರೆ, ಎಬ್ಬಿಸಬೇಡಿ" ಎಂಬ ಒಂದೇ ಮಾತಿನಲ್ಲಿ ಮಕ್ಕಳ ಎಲ್ಲ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುತ್ತಿದ್ದಳು. ಯಾಕಮ್ಮ ಮಾತ್ರ "ತಾತ ಯಾವಾಗ ಎದ್ದೇಳ್ತಾರೆ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಆ ಬೆಳಿಗ್ಗೆಯೂ ಅವಳು ಕೋಣೆಗೆ ಇಣುಕಿದ್ದಳು. ಎಷ್ಟೋ ದಿನಗಳ ಮೇಲೆ ಅಪ್ಪ ಒದ್ದಾಡದೆ, ನರಳದೆ, ಅಂಗಾತ ಮಲಗಿದ್ದರು. ಪಾಪ, ಈಗಲಾದರೂ ನಿದ್ದೆ ಹತ್ತಿತಲ್ಲ ಎಂದು ಜಾರಿದ್ದ ಹೊದಿಕೆಯನ್ನು ಎದೆಯವರೆಗೆ ಎಳೆದಳು, ಬೆಳಕು ಬೀಳದಂತೆ ಪರದೆ ಸರಿಸಿದಳು, ಬಾಗಿಲು ಮುಂದೆ ಮಾಡಿಕೊಂಡು ಬಂದು "ತಾತ ಇನ್ನೂ ಮಲಗಿದ್ದಾರೆ, ಸದ್ದು ಮಾಡಬೇಡಿ" ಎಂದು ಮಕ್ಕಳಿಗೆ ಹೇಳಿ ಪಾಠ ಶುರು ಮಾಡಿದಳು.

ಅಂದಿನ ಪಾಠ ಯೀಸ್ಟ್. ಸಣ್ಣ ಕಂದು ಕಾಳುಗಳನ್ನು ಅಂಗೈ ಮೇಲೆ ಸುರಿದುಕೊಂಡು ಮಕ್ಕಳ ಮೂಗಿನ ಹತ್ತಿರ ಹಿಡಿದಳು.

"ಇದಕ್ಕೆ ಜೀವ ಇದೆ ಅಂದ್ರೆ ನಂಬ್ತೀರಾ?"

"ಸುಳ್ಳು. ಅಲ್ಲಾಡ್ತಾನೇ ಇಲ್ಲ" ಎಂದಳು ದೊಡ್ಡವಳು.

"ಸತ್ತಿಲ್ಲ, ಮಲಗಿದೆ. ಎಬ್ಬಿಸೋದು ಗೊತ್ತಿರಬೇಕು ಅಷ್ಟೆ." ಇದು ಅಪ್ಪನ ಮಾತು. ಅವಳು ಚಿಕ್ಕವಳಿದ್ದಾಗ ಬೇಕರಿಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂರಿಸಿ ಅವರು ಹೇಳಿಕೊಟ್ಟದ್ದು. ಅದನ್ನೇ ತನ್ನ ಮಕ್ಕಳಿಗೆ ದಾಟಿಸುವಾಗ ಅವಳಿಗೆ ಒಳಗೊಳಗೇ ಹೆಮ್ಮೆ.

ಮೂರು ಗಾಜಿನ ಲೋಟಗಳಿಗೆ ಯೀಸ್ಟ್, ಸಕ್ಕರೆ ಬಿತ್ತು. ಒಂದಕ್ಕೆ ಫ್ರಿಜ್ಜಿನ ನೀರು, ಒಂದಕ್ಕೆ ಬೆರಳಿಗೆ ಹಿತವಾಗುವಷ್ಟು ಬೆಚ್ಚಗಿನ ನೀರು, ಇನ್ನೊಂದಕ್ಕೆ ಕುದಿಯುವ ನೀರು. ಯಾಕಮ್ಮ ಮರಳು ಗಡಿಯಾರ ತಿರುಗಿಸಿಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಮರಳು ಇಳಿಯುವ ಹೊತ್ತಿಗೆ ನಡುವಿನ ಲೋಟದಲ್ಲಿ ನೊರೆ ಬುಸುಬುಸು ಎದ್ದಿತ್ತು. ಉಳಿದೆರಡರಲ್ಲಿ ಏನೂ ಇಲ್ಲ, ಬರೀ ಕೆಸರು ನೀರು.

"ಇವೆರಡೂ ಸತ್ತೋದ್ವಾ?" ಯಾಕಮ್ಮ ಕೇಳಿದಳು.

"ಒಂದು ಸತ್ತಿದೆ, ಒಂದು ಮಲಗಿದೆ. ನೋಡಿ ಹೇಳು, ಯಾವುದು ಯಾವುದು?"

"ಎರಡೂ ಒಂದೇ ಥರ ಇದೆಯಲ್ಲಮ್ಮ!"

ಈ ಪ್ರಶ್ನೆಗೇ ಅವಳು ಕಾದಿದ್ದದ್ದು. "ನೋಡಿದ್ರೆ ಗೊತ್ತಾಗಲ್ಲ ಕಣೇ. ನೋಡಿ ಹೇಳೋದು ವಿಜ್ಞಾನ ಅಲ್ಲ, ಪರೀಕ್ಷೆ ಮಾಡಿ ಹೇಳ್ಬೇಕು" ಎಂದು ಎರಡಕ್ಕೂ ಬೆಚ್ಚಗಿನ ಸಕ್ಕರೆ ನೀರು ಬೆರೆಸಿ ಮತ್ತೆ ಗಡಿಯಾರ ತಿರುಗಿಸಿದಳು. ತಣ್ಣೀರಿನದು ನಿಧಾನಕ್ಕೆ ಉಸಿರು ಬಿಟ್ಟು ನೊರೆ ಕಟ್ಟಿತು. ಕುದಿಸಿದ್ದು ಜಪ್ಪಯ್ಯ ಅಂದರೂ ಏಳಲಿಲ್ಲ.

"ಬಿಸಿ ಜಾಸ್ತಿಯಾದ್ರೆ ಸತ್ತೇ ಹೋಗುತ್ತಾ?"

"ಹೂಂ. ಅದಕ್ಕೇ ಬೆರಳಿಟ್ಟು ನೋಡ್ಕೋಬೇಕು."

ಪಾಠ ಇಷ್ಟು ಚೆನ್ನಾಗಿ ಕೂಡಿಬಂದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತ ಅವಳು ಹಿಟ್ಟು ನಾದಲು ನಿಂತಳು. ದೊಡ್ಡವಳು ಓವನ್ ತಟ್ಟೆಗೆ ಬೆಣ್ಣೆ ಸವರುತ್ತಿದ್ದಳು. ಚಿಕ್ಕವಳು ಯಾವಾಗ ಜಾರಿಕೊಂಡಳೋ ಯಾರೂ ನೋಡಲಿಲ್ಲ.

ಹಿಟ್ಟು ಕೈಗೆ ಅಂಟುವುದನ್ನು ಬಿಟ್ಟು ನುಣ್ಣಗಾಗುವ ಹೊತ್ತಿಗೆ ಯಾಕಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮರಳು ಗಡಿಯಾರ.

"ಅಮ್ಮಾ, ಮರಳೆಲ್ಲ ಇಳೀತು. ತಾತಂಗೆ ನೊರೆ ಬರ್ಲೇ ಇಲ್ಲ."

ಅವಳು ಮೊದಲು ನಕ್ಕಳು. ನಗು ಮುಗಿಯುವ ಮುಂಚೆ ಹಿಟ್ಟಿನ ಕೈಯಲ್ಲೇ ಓಡಿದಳು.

ಮಂಚದ ಪಕ್ಕದ ಸ್ಟೂಲಿನ ಮೇಲೆ ಲೋಟ, ಅದರಲ್ಲಿ ತಳಕ್ಕಂಟಿದ ಸಕ್ಕರೆ. ದಿಂಬಿನ ಮೇಲೆ ಚಮಚ. ಅಪ್ಪನ ಗಲ್ಲ, ಕತ್ತು, ದಿಂಬು ಎಲ್ಲ ಒದ್ದೆ. ಹಣೆ ಮುಟ್ಟಿದಳು. ಫ್ರಿಜ್ಜಿನಿಂದ ಈಗ ತೆಗೆದ ಹಿಟ್ಟನ್ನು ಮುಟ್ಟಿದ ಹಾಗಿತ್ತು.

"ಅಪ್ಪಾ! ಅಪ್ಪಾ!" ಭುಜ ಹಿಡಿದು ಅಲುಗಿಸಿದಳು. ಇಡೀ ಮೈ ಒಟ್ಟಿಗೆ ಅಲುಗಿತು.

"ಏನೇ ಮಾಡ್ದೆ? ಮಲಗಿದ್ದೋರಿಗೆ ನೀರು ಕುಡಿಸಿದ್ಯಾ? ಏನೇ ಮಾಡ್ಬಿಟ್ಟೆ!"

ಆ ದನಿ ತನ್ನದೇ ಎಂದು ಅವಳಿಗೇ ಗುರುತು ಸಿಗಲಿಲ್ಲ. ದೊಡ್ಡವಳು ಬಾಗಿಲಲ್ಲೇ ಅಳತೊಡಗಿದಳು. ಯಾಕಮ್ಮ ಅಳಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಬೆರಳಿಟ್ಟು ನೋಡಿದ್ನಮ್ಮ... ಬೆಚ್ಚಗೇ ಇತ್ತು. ಬಿಸಿ ಜಾಸ್ತಿ ಆಯ್ತಾ? ನಾನೇ ಸಾಯಿಸ್ಬಿಟ್ನಾ?"

ಇಲ್ಲ ಎನ್ನಬೇಕಿತ್ತು. ನನ್ನ ಪಾಠ, ನನ್ನ ಮಗಳ ಕೈ, ನನ್ನ ಅಪ್ಪ. ಈ ಮೂರರಾಚೆ ಅವಳ ತಲೆಯಲ್ಲಿ ಏನೂ ಇರಲಿಲ್ಲ. ಮಗು ಉತ್ತರಕ್ಕೆ ಕಾಯಿತು, ತಾಯಿಯ ಮುಖ ನೋಡಿತು, ಸದ್ದಿಲ್ಲದೆ ಹೊರಗೆ ಹೋಯಿತು.

ಅಷ್ಟರಲ್ಲಿ ನರ್ಸಮ್ಮ ಎಂದಿನಂತೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಒಂದು ನೋಟಕ್ಕೇ ಅವಳಿಗೆ ಅರ್ಥವಾಯಿತು. ನಾಡಿ ಹಿಡಿದಳು, ರೆಪ್ಪೆ ಎತ್ತಿದಳು, ಗಲ್ಲ ಹಿಡಿದು ಬಾಯಿ ತೆರೆಯಲು ನೋಡಿದಳು, ತೋಳು ಎತ್ತಿ ನೋಡಿದಳು.

"ಸಿಸ್ಟರ್, ಮಗು ತಿಳೀದೆ ಸಕ್ಕರೆ ನೀರು ಬಿಟ್ಟಿದೆ. ಅದರಿಂದಲೇ..."

"ಯಾವಾಗ?"

"ಈಗ, ಈಗಷ್ಟೇ."

"ಈಗಷ್ಟೇ ಅಲ್ಲಮ್ಮ." ನರ್ಸಮ್ಮ ದನಿ ತಗ್ಗಿಸಿದಳು. "ಇವ್ರು ಹೋಗಿ ಎಷ್ಟೋ ಹೊತ್ತಾಯ್ತು. ದವಡೆ ಕಚ್ಕೊಂಡುಬಿಟ್ಟಿದೆ, ತೋಳೂ ಬಿಗಿದಿದೆ. ಬೆಳಕು ಹರಿಯೋಕೆ ಮುಂಚೇನೇ ಹೋಗಿರ್ಬೇಕು. ಮಗು ಬಿಟ್ಟ ನೀರು ಒಂದು ಹನೀನೂ ಒಳಗೆ ಹೋಗಿಲ್ಲ, ದಿಂಬು ನೋಡಿ."

ಅವಳಿಗೆ ಹೋದ ಜೀವ ಬಂದಂತಾಯಿತು. ಮಗಳಲ್ಲ. ಮಗಳಿಂದಲ್ಲ. ದೇವರೇ, ಮಗಳಿಂದಲ್ಲ. ನೆಮ್ಮದಿಯಿಂದ ಒಂದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಉಳಿದ ಮಾತು ಕಿವಿಯಿಂದ ಎದೆಗೆ ಇಳಿಯಿತು. ಬೆಳಕು ಹರಿಯುವ ಮುಂಚೆ. ಹಾಗಾದರೆ ಬೆಳಿಗ್ಗೆ ತಾನು ಎದೆಯವರೆಗೆ ಎಳೆದ ಹೊದಿಕೆ? ನಿದ್ದೆಗೆಡದಿರಲಿ ಎಂದು ಸರಿಸಿದ ಪರದೆ? ಗೋಡೆಯ ಈಚೆ ಮೂರು ಲೋಟ ಇಟ್ಟುಕೊಂಡು ಸತ್ತದ್ದು ಯಾವುದು, ಮಲಗಿದ್ದು ಯಾವುದು ಎಂದು ಅಷ್ಟು ಉತ್ಸಾಹದಿಂದ ಪಾಠ ಹೇಳುವಾಗ ಆಚೆ ಅಪ್ಪ ಹೀಗೇ ಇದ್ದರು. ಅವಳು ಮಂಚದ ಅಂಚು ಹಿಡಿದುಕೊಂಡಳು.

"ಮೊದಲು ಮಗೂನ ನೋಡಿ" ಎಂದಳು ನರ್ಸಮ್ಮ.

ಯಾಕಮ್ಮ ಅಡುಗೆಮನೆಯ ಮೇಜಿನ ಕೆಳಗೆ ಮುದುಡಿ ಕೂತಿದ್ದಳು. ಮೇಜಿನ ಮೇಲೆ ಆ ಮೂರು ಲೋಟ ಹಾಗೇ ಇದ್ದವು. ತಾಯಿ ನೆಲದ ಮೇಲೆ ಕೂತು, ಬಗ್ಗಿ, ಮಗಳ ಪಾದ ಹಿಡಿದುಕೊಂಡಳು.

"ನೀನು ಏನೂ ಮಾಡಿಲ್ಲ ಪುಟ್ಟಾ. ನಿನ್ನ ನೀರಿಂದ ಏನೂ ಆಗಿಲ್ಲ. ತಾತ ಅದಕ್ಕಿಂತ ಮುಂಚೇನೇ ಸತ್ತುಹೋಗಿದ್ರು." ಸಾವು ಎಂಬ ಮಾತನ್ನೇ ಇಷ್ಟು ದಿನ ಮಕ್ಕಳಿಂದ ಬಚ್ಚಿಟ್ಟಿದ್ದಳು, ಕೊನೆಗೂ ಅದು ಬಾಯಿಂದ ಬಂತು.

ಮಗು ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿತು.

"ಮುಂಚೆ ಅಂದ್ರೆ? ಪಾಠಕ್ಕಿಂತಾನೂ ಮುಂಚೇನಾ?"

"ಹೂಂ."

"ಮತ್ತೆ ಮಲಗಿದ್ದಾರೆ ಅಂದ್ಯಲ್ಲ?"

ಅವಳು ತಲೆ ತಗ್ಗಿಸಿದಳು. ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಂದಿನ ಹಾಗೆ ತಿಳಿದುಕೊಳ್ಳಲೆಂದೇ ಕೇಳುತ್ತಿದ್ದಳು.

"ನೋಡಿ ಹೇಳಿದ್ಯಾ ಅಮ್ಮ, ಪರೀಕ್ಷೆ ಮಾಡಿ ಹೇಳಿದ್ಯಾ?"

"ನೋಡಿ ಹೇಳ್ದೆ" ಎಂದಳು ಅವಳು.