ಮಾತ್ರೆಯ ಸಮಪಾಲು

ಆ ಮನೆಗೆ ಏನು ಬಂದರೂ ಎರಡು ಪಾಲಾಗಬೇಕು ಎಂಬುದು ಅತ್ತೆ ಹಾಕಿಹೋದ ಕಟ್ಟಳೆ. ಬದುಕಿದ್ದಾಗ ಅತ್ತೆ ಸೋಪಿನ ಬಿಲ್ಲೆಗೂ ದಾರ ಸುತ್ತಿ ಎಳೆದು, ಎರಡು ಮಾಡಿ, ಇಬ್ಬರು ಸೊಸೆಯರ ಕಣ್ಣೆದುರೇ ಇಡುತ್ತಿದ್ದಳು. "ನೋಡ್ಕೊಂಡು ತಗೊಳ್ರಮ್ಮ. ಆಮೇಲೆ ನನ್ನ ಬೆನ್ನ ಹಿಂದೆ ಗೊಣಗಬೇಡಿ" ಎನ್ನುತ್ತಿದ್ದಳು. ಮೊದಲು ಬಂದ ಸೊಸೆಯನ್ನು ದೊಡ್ಡವಳು, ಆಮೇಲೆ ಬಂದವಳನ್ನು ಸಣ್ಣವಳು ಎಂದು ಕರೆದವಳೂ ಅವಳೇ. ಅತ್ತೆ ಹೋದಳು, ಕರೆಯುವ ರೂಢಿ ಉಳಿಯಿತು. ಕಟ್ಟಳೆಯೂ ಉಳಿಯಿತು.

ಮನೆಯ ಮುಂದಿನ ಕೋಣೆಯೇ ಟೇಲರ್ ಅಂಗಡಿ. ದೊಡ್ಡವಳ ಗಂಡ ಮಷೀನು ತುಳಿಯುತ್ತಿದ್ದ. ಗುಂಡಿ ಹಚ್ಚುವುದು, ಗುಂಡಿ ತೂರುವ ಕಿಂಡಿಯ ಸುತ್ತ ಕಾಜಾ ಹೊಲಿಯುವುದು ಇಬ್ಬರು ಹೆಂಗಸರ ಕೆಲಸ. ತನ್ನ ಗಂಡ ತೀರಿಕೊಂಡ ಮೇಲೆ ಸಣ್ಣವಳು ಸೂಜಿ ಕೆಳಗಿಟ್ಟವಳೇ ಅಲ್ಲ. ಆ ಮನೆಯಲ್ಲಿ ಅವಳು ತಲೆಯೆತ್ತಿ ಉಣ್ಣುತ್ತಿದ್ದುದೇ ಆ ಸೂಜಿಯ ಬಲದಿಂದ. ಅವಳಿಗೆ ಯಾರೂ ಒಂದು ಮಾತು ಅಂದವರಲ್ಲ. ಯಾರಾದರೂ ಅಂದಾರು ಎಂಬ ಭಯದಲ್ಲೇ ಅವಳು ಎಲ್ಲರಿಗಿಂತ ಮೊದಲು ಏಳುತ್ತಿದ್ದಳು.

ಮೊದಲು ದೊಡ್ಡವಳ ಬೆರಳಿನ ಗೆಣ್ಣುಗಳು ಊದಿಕೊಂಡವು. ಮಾರನೆಯ ವರ್ಷ ಸಣ್ಣವಳ ಸರದಿ. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಗಿಯಲು ಬಾರದು, ನಲ್ಲಿ ತಿರುಗಿಸಲು ಬಾರದು. ಆಸ್ಪತ್ರೆಯಲ್ಲಿ ಕೀಲುವಾತ ಎಂದರು. "ಒಲೆ ಮುಂದೆ ಜಗಳ ಆಡಿ ಆಡಿ ಸಾಕಾಗಿ, ಈಗ ಕಾಯಿಲೇಲೂ ಪೈಪೋಟಿಗೆ ಬಿದ್ದಿದಾರೆ ನೋಡಿ" ಎಂದು ಟೇಲರ್ ಗಿರಾಕಿಗಳ ಮುಂದೆ ನಗಾಡಿದ. ಕೋಣೆಗೆ ಬಂದಾಗ ಮಾತ್ರ ಹೆಂಡತಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ.

ದೊಡ್ಡಾಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಒಬ್ಬಳು ಡಾಕ್ಟ್ರಮ್ಮ ಈ ಕಾಯಿಲೆಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರಿಗೆ ಕೀಲುವಾತ ಇದ್ದರೆ ಅಂಥವರನ್ನು ಹುಡುಕಿ ಕರೆಸುತ್ತಿದ್ದಳು. ಇವರಿಬ್ಬರನ್ನೂ ಎದುರು ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ಇದು ಹೊಸ ಮಾತ್ರೆ. ನಿಮ್ಮಿಬ್ಬರಲ್ಲಿ ಒಬ್ಬರ ಬಾಟ್ಲಲ್ಲಿ ಔಷಧಿ ಇರುತ್ತೆ, ಇನ್ನೊಬ್ಬರದರಲ್ಲಿ ಬರೀ ಹಿಟ್ಟಿನ ಮಾತ್ರೆ. ಯಾರಿಗೆ ಯಾವುದು ಅಂತ ನಂಗೂ ಗೊತ್ತಿಲ್ಲ. ಒಂದೇ ಮನೆ, ಒಂದೇ ಊಟ, ಒಂದೇ ಕೆಲಸ. ವರ್ಷ ಆದ್ಮೇಲೆ ಇಬ್ಬರ ಕೈಗಳ ನಡುವೆ ವ್ಯತ್ಯಾಸ ಕಂಡ್ರೆ ಅದು ಔಷಧಿಯಿಂದ್ಲೇ ಅಂತ ಗೊತ್ತಾಗುತ್ತೆ. ಆಗ ಎಲ್ರಿಗೂ ಸಿಗುತ್ತೆ."

"ಅಲ್ಲೀವರೆಗೂ ಹಿಟ್ಟು ತಿಂದೋಳ ಗತಿ?" ಎಂದಳು ಸಣ್ಣವಳು.

"ಈಗ ತಗೋತಿರೋ ನೋವಿನ ಮಾತ್ರೆ ಇಬ್ರಿಗೂ ಇದ್ದೇ ಇರುತ್ತಮ್ಮ. ಒಂದೇ ಮಾತು: ಒಬ್ಬರ ಬಾಟ್ಲು ಇನ್ನೊಬ್ಬರು ಮುಟ್ಟಬೇಡಿ." ಆಮೇಲೆ, ಹೇಳಬೇಕೋ ಬೇಡವೋ ಎಂಬಂತೆ, "ನಮ್ಮಮ್ಮಂಗೂ ಇದೇ ಕಾಯಿಲೆ" ಎಂದಳು. ಇಬ್ಬರೂ ತಲೆಯಾಡಿಸಿ ಬಾಟಲಿ ಹಿಡಿದು ಬಂದರು.

ಕೆಲವು ವಾರ ಏನೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ದೊಡ್ಡವಳು ಯಾವುದೋ ಯೋಚನೆಯಲ್ಲಿ ನಲ್ಲಿ ತಿರುಗಿಸಿದಳು. ನೀರು ಬಂತು. ಬಂದ ಮೇಲೆಯೇ ತನ್ನ ಕೈಯ ಕಡೆ ನೋಡಿಕೊಂಡಳು. ಹಿಂದೆ ಕೊಡ ಹಿಡಿದು ನಿಂತಿದ್ದ ಸಣ್ಣವಳೂ ನೋಡಿದಳು.

"ನಿಂದೇ ಔಷಧಿ, ಅಕ್ಕ" ಎಂದು ನಕ್ಕಳು. "ನಂದು ಹಿಟ್ಟು. ಇನ್ನೊಂದಷ್ಟು ದಿನ ತಿಂದ್ರೆ ಹೊಟ್ಟೆ ತುಂಬಾ ಅಂಟಾಗುತ್ತೆ. ಗೋಡೆಗೆ ಪೋಸ್ಟರ್ ಅಂಟಿಸೋ ಕೆಲಸಕ್ಕಾದ್ರೂ ಹೋಗ್ಬಹುದು ನಾನು."

ನಗು ಬಹಳ ದಿನ ಬಾಳಲಿಲ್ಲ. ಗಿರಾಕಿಯೊಬ್ಬ ಕಾಜಾ ಬಿಚ್ಚಿಕೊಂಡ ಅಂಗಿಯನ್ನು ತಂದು ಮೇಜಿನ ಮೇಲೆ ಎಸೆದ. ಸಣ್ಣವಳು ಅಂಗಿ ಎತ್ತಿಕೊಂಡು ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಸೂಜಿ ಬೆರಳಿನಿಂದ ಜಾರಿ ಬೀಳುತ್ತಿತ್ತು; ತಡಕಿ ಎತ್ತಿಕೊಳ್ಳುತ್ತಿದ್ದಳು; ಮತ್ತೆ ಬೀಳುತ್ತಿತ್ತು. ದೊಡ್ಡವಳು ಬಾಗಿಲಲ್ಲಿ ನಿಂತು ಅದನ್ನು ನೋಡಿ, ಸದ್ದು ಮಾಡದೆ ಹಿಂದಕ್ಕೆ ಹೋದಳು. ದಾರ ಕತ್ತರಿಸುವ ಬ್ಲೇಡು ತಂದಳು.

"ನಿನ್ನ ಬಾಟ್ಲು ತಾ."

"ಯಾಕಕ್ಕ? ಡಾಕ್ಟ್ರಮ್ಮ ಮುಟ್ಟಬೇಡಿ ಅಂದಿದಾರೆ."

"ಡಾಕ್ಟ್ರಮ್ಮ ನಮ್ಮತ್ತೆ ಕೈಕೆಳಗೆ ಬಾಳಿದೋಳಲ್ಲ. ತಾ ಇಲ್ಲಿ."

ತನ್ನದೊಂದು ಮಾತ್ರೆ, ಅವಳದೊಂದು ಮಾತ್ರೆ, ಎರಡನ್ನೂ ನಡುವೆ ಸೀಳಿದಳು. ಇದರರ್ಧ ಅದರರ್ಧ ಸೇರಿಸಿ ಒಂದು ಪಾಲು ಅವಳ ಅಂಗೈಗೆ ಹಾಕಿ, ಇನ್ನೊಂದನ್ನು ತಾನು ನುಂಗಿದಳು. ಅಂದಿನಿಂದ ದಿನವೂ ಹಾಗೆಯೇ. ಡಾಕ್ಟ್ರಮ್ಮ ಉಳಿದ ಮಾತ್ರೆ ಎಣಿಸಿದರೆ ಲೆಕ್ಕ ಸರಿಯಾಗಿಯೇ ಇರುತ್ತಿತ್ತು.

ದೊಡ್ಡವಳ ಬೆರಳು ಮೊದಲಿನಷ್ಟು ಹಗುರವಾಗಿ ಉಳಿಯಲಿಲ್ಲ. ಸಣ್ಣವಳದು ಮೊದಲಿನಷ್ಟು ಬಿಗಿಯಾಗಿಯೂ ಉಳಿಯಲಿಲ್ಲ. ಇಬ್ಬರೂ ಸೂಜಿ ಹಿಡಿದರು. ಒಂದೇ ಒಲೆಯ ಮುಂದೆ ಅವರು ಜಗಳವಾಡದೆ ಕಳೆದ ವರ್ಷ ಎಂದರೆ ಅದೊಂದೇ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುವಾಗ ಪಕ್ಕದಲ್ಲಿ ಇದೇ ಮಾತ್ರೆಗೆ ಬರುತ್ತಿದ್ದ, ಗೋಡೆಗೆ ಬಣ್ಣ ಬಳಿಯುವವನೂ ಅವನ ಹೆಂಡತಿಯೂ ಕೂತಿರುತ್ತಿದ್ದರು. ಆ ಕಡೆ ಒಬ್ಬ ತಾಯಿ, ಮಗಳು. ಗಂಡನ ಕೈ ನೆಟ್ಟಗಾಗುತ್ತಿದ್ದರೆ ಹೆಂಡತಿಯ ಕೈ ಕೊಕ್ಕೆಯಾಗುತ್ತಿತ್ತು. ಆ ಹೆಂಗಸು ಅಳುವುದನ್ನು ನೋಡಿ ದೊಡ್ಡವಳು ತಡೆಯಲಾರದೆ ಹೋದಳು.

"ಅಯ್ಯೋ, ಅದಕ್ಯಾಕೆ ಅಳ್ತೀಯಮ್ಮ? ನಮ್ಮನೇಲಿ ನಾವು ಹಂಚ್ಕೋತೀವಿ. ಒಂದೇ ಮನೇಲಿ ಒಬ್ಬರಿಗೆ ಔಷಧಿ, ಒಬ್ಬರಿಗೆ ಹಿಟ್ಟು ಅಂದ್ರೆ ಯಾವೂರ ನ್ಯಾಯ?"

ಮಾತು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಯಿತು. ಬಣ್ಣದವನ ಹೆಂಡತಿ ಮುಂದಿನ ಸಲ ದೊಡ್ಡವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ದೊಡ್ಡವಳು ಹೆಮ್ಮೆಯಿಂದ ಮನೆಗೆ ಬಂದಳು.

ವರ್ಷ ತುಂಬಿದ ಮೇಲೆ ಡಾಕ್ಟ್ರಮ್ಮ ಇಬ್ಬರನ್ನೂ ಒಳಗೆ ಕರೆದಳು. ಮುಖದಲ್ಲಿ ಕಳೆ ಇರಲಿಲ್ಲ.

"ಇಲ್ಲಿಗೆ ಮುಗೀತಮ್ಮ. ಬಾಟ್ಲು ವಾಪಸ್ ಕೊಟ್ಬಿಡಿ. ಔಷಧಿ ತಿಂದೋರು, ಹಿಟ್ಟು ತಿಂದೋರು ಇಬ್ರೂ ಒಂದೇ ಥರ ಇದಾರೆ. ಈ ಮಾತ್ರೆ ಕೆಲಸ ಮಾಡಲ್ಲ."

"ಮಾಡುತ್ತೆ!" ಎಂದಳು ದೊಡ್ಡವಳು. ಇಷ್ಟು ಓದಿದವಳಿಗೆ ಯಾರೋ ಸುಳ್ಳು ಹೇಳಿದ್ದಾರೆ ಎಂದೇ ಅವಳ ಭಾವನೆ. "ಯಾರಮ್ಮ ಹೇಳಿದ್ದು ಮಾಡಲ್ಲ ಅಂತ? ಅರ್ಧ ಮಾತ್ರೆಗೇ ಮಾಡುತ್ತೆ. ನಂದು ಔಷಧಿ, ಇವಳದು ಹಿಟ್ಟು. ನಾವು ಸಮ ಮಾಡ್ಕೊಂಡು ತಿಂದ್ವಿ. ನೋಡಿ, ಇಬ್ರೂ ಸೂಜಿ ಹಿಡೀತೀವಿ!"

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟಳು. "ಬೇರೆ ಯಾರಾದ್ರೂ ಹೀಗೆ ಮಾಡಿದ್ರಾ?"

ಸಾಕ್ಷಿ ಕೇಳುತ್ತಿದ್ದಾಳೆ ಎಂದುಕೊಂಡಳು ದೊಡ್ಡವಳು. ಬಣ್ಣದವನ ಮನೆ, ತಾಯಿ ಮಗಳ ಮನೆ, ಬೆಂಚಿನ ಮೇಲೆ ಕಂಡ ಒಂದೊಂದೇ ಮನೆಯನ್ನು ಉತ್ಸಾಹದಿಂದ ಹೇಳುತ್ತಾ ಹೋದಳು. ಹೇಳುತ್ತಿದ್ದಂತೆ ಎದುರಿನ ಮುಖ ಬಿಳಿಚುತ್ತಾ ಹೋದದ್ದು ಅವಳಿಗೆ ಕಾಣಿಸಿತು. ಆಗ ನಿಲ್ಲಿಸಿದಳು. ಮೊದಲ ದಿನ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ದೆಲ್ಲ ಈಗ ಅವಳ ತಲೆಗೆ ಹತ್ತಿತು.

"ಇನ್ನೊಂದ್ಸಲ ಮಾಡಿ ನೋಡೋಕಾಗಲ್ವಾ?" ಎಂದಳು.

"ಮಾಡಿಸೋರು ಯಾರಿದಾರಮ್ಮ? ಕಂಪನಿಯವರು ಮಾತ್ರೆ ಮಾಡೋದನ್ನೇ ನಿಲ್ಸಿದಾರೆ. ನಾನು ಹೇಳಿ ನೋಡ್ತೀನಿ. ಕೇಳಲ್ಲ ಅವರು."

"ನಿಮ್ಮ ತಾಯಿಗೆ?"

ಡಾಕ್ಟ್ರಮ್ಮ ಬಾಟಲಿಗಳಿಗಾಗಿ ಕೈ ಚಾಚಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸಣ್ಣವಳು ಮನೆ ಹೊಕ್ಕು ಚಪ್ಪಲಿ ಬಿಟ್ಟವಳೇ ತಿರುಗಿ ನಿಂತಳು.

"ನಾನು ಕೇಳಿದ್ನಾ ನಿನ್ನ?"

"ಬಾಯಲ್ಲಿ ಕೇಳ್ಬೇಕಾಗಿತ್ತೇನೇ?"

"ಕೇಳಿರ್ಲಿಲ್ಲ! ಒಂದು ವರ್ಷ ಹಿಟ್ಟು ತಿಂದು ಹಲ್ಲು ಕಚ್ಕೊಂಡಿದ್ದಿದ್ರೆ ಇವತ್ತು ನಂಗೂ ಇಡೀ ಮಾತ್ರೆ ಸಿಕ್ತಿತ್ತು. ಈಗ ಸಾಯೋತನಕ ಇಬ್ರಿಗೂ ಇಲ್ಲ. ಧಾರಾಳಿ ಅನ್ನಿಸ್ಕೊಳ್ಳೋ ಚಪಲ ನಿಂಗೆ. ಊರೋರಿಗೆಲ್ಲ ಬೇರೆ ಹೇಳ್ಕೊಂಡು ಬಂದೆ."

ಗೋಡೆಗೆ ಮುಖ ಮಾಡಿ ಕೂತಿದ್ದ ನಿನ್ನ ಬೆನ್ನು ನೋಡಿದೆ ಕಣೇ, ಅಷ್ಟಕ್ಕೇ ಮಾಡಿದೆ ಎಂಬ ಮಾತು ದೊಡ್ಡವಳ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಸಣ್ಣವಳಿಗೆ ಇದ್ದ ಒಂದು ಮರ್ಯಾದೆಯೂ ಹೋಗುತ್ತಿತ್ತು. ನುಂಗಿಕೊಂಡಳು.

ಮುಂದಿನ ಚಳಿಯೊಳಗೆ ನಾಲ್ಕೂ ಕೈ ಮತ್ತೆ ಮೊದಲಿನ ಹಾಗೇ ಬಿಗಿದುಕೊಂಡವು. ಟೇಲರ್ ಕಾಜಾ ಕೆಲಸವನ್ನು ಹೊರಗಿನ ಮಷೀನಿನವನಿಗೆ ಕೊಟ್ಟ. ಸಣ್ಣವಳು ದೊಡ್ಡ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಗಿರಾಕಿಗಳ ಚೀಲ ಕಾಯುವ ಕೆಲಸ ಹಿಡಿದಳು. ಬೆಳಿಗ್ಗೆ ಹೋದರೆ ದೀಪ ಹೊತ್ತಿದ ಮೇಲೆ ಬರುತ್ತಿದ್ದಳು. ಬೇಕಾದಷ್ಟಕ್ಕೆ ಮಾತ್ರ ಮಾತು.

ಒಂದು ದಿನ ಅವಳು ಹೊರಡುವ ಹೊತ್ತಿಗೆ ದೊಡ್ಡವಳು ನೆಲದ ಮೇಲೆ ಕೂತು ಹೊಸ ಸೋಪಿಗೆ ದಾರ ಸುತ್ತುತ್ತಿದ್ದಳು. ಬೆರಳು ಮಡಚದು. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆದಳು. ಅದು ಸೋಪಿನೊಳಗೆ ಒಂದಿಷ್ಟು ಇಳಿದು ನಿಂತಿತು.

ಸಣ್ಣವಳು ಹೊಸ್ತಿಲಲ್ಲಿ ನಿಂತು ನೋಡಿದಳು.

"ಬಿಡಕ್ಕ. ಇಡೀದೂ ನೀನೇ ಇಟ್ಕೋ. ನಾನು ಬೇರೆ ತಗೋತೀನಿ."

ಬಾಗಿಲು ಹಾಕಿದ ಸದ್ದಾಯಿತು. ದೊಡ್ಡವಳ ಬಾಯಲ್ಲಿ ದಾರ ಹಾಗೆಯೇ ಇತ್ತು, ನಾಲಿಗೆಯ ಮೇಲೆ ಸೋಪಿನ ಕಹಿ. "ರೀ, ಸ್ವಲ್ಪ ಬಂದು ಇದನ್ನ ಎಳೀರಿ" ಎಂದು ದಾರ ಬಾಯಿಂದ ಬಿಟ್ಟು ಕೂಗಿದಳು. ಮುಂದಿನ ಕೋಣೆಯಲ್ಲಿ ಮಷೀನು ಓಡುತ್ತಿತ್ತು. ಅವನಿಗೆ ಕೇಳಿಸಲಿಲ್ಲ.